ತಿದ್ದುಪಡಿಗೂ ದಾಖಲೆ ಬೇಕು

ಆಲಮಟ್ಟಿ ಜಲಾಶಯದ ನೆರೆಯಲ್ಲಿರುವ ನಿಡಗುಂದಿಯು ಬಹುಕಾಲ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದು, 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲೊಂದಾಗಿ ಆಮೇಲೆ ತಾನೇ ತಾಲ್ಲೂಕು ಕೇಂದ್ರವಾಯಿತು. ಅದರ ಜಿಲ್ಲೆಯಾದರೋ 2014ರ ನವೆಂಬರ್ 1ರಂದು ಬಿಜಾಪುರವೆಂಬ ಹೆಸರನ್ನು ಬಿಟ್ಟು ವಿಜಯಪುರವೆನಿಸಿತು. ಆದಕಾರಣ ಇಲ್ಲಿಯ ರೈತನ ಮನೆಯ ಹಳೆಯ ಖರೀದಿ ಪತ್ರದಲ್ಲಿ ಒಂದು ತಾಲ್ಲೂಕು, ಒಂದು ಜಿಲ್ಲೆಯೂ, ಇಂದಿನ ಉತಾರದಲ್ಲಿ (ಪಹಣಿಯಲ್ಲಿ) ಬೇರೊಂದು ತಾಲ್ಲೂಕು, ಬೇರೊಂದು ಜಿಲ್ಲೆಯೂ ಕಂಡುಬಂದರೆ ಎರಡೂ ಸತ್ಯವೇ. ಯಾವುದು ಯಾವ ಕಾಲದ ಸತ್ಯವೆಂಬುದನ್ನು ತೋರಿಸುವ ಸಾಧನವೊಂದು ಮಾತ್ರ ಅವಶ್ಯವಾಗುತ್ತದೆ.

ಜಮೀನಿನ ವಿಷಯದಲ್ಲಿ ಆ ಸಾಧನವನ್ನು ನಮ್ಮ ಕಂದಾಯ ಶಾಸ್ತ್ರವು ಬಹಳ ಹಿಂದೆಯೇ ಕಲ್ಪಿಸಿಕೊಟ್ಟಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 128 ಮತ್ತು 129ನೆಯ ಪ್ರಕರಣಗಳ ಪ್ರಕಾರ ಹಕ್ಕಿನ ಬದಲಾವಣೆಯ ವರದಿಯಾಗಬೇಕು, ಸಂಬಂಧಪಟ್ಟವರಿಗೆ ನೋಟೀಸು ಹೋಗಬೇಕು, ತಕರಾರು ಬಂದರೆ ಅದು ಪ್ರತ್ಯೇಕ ವಹಿಯಲ್ಲಿ ನಮೂದಾಗಬೇಕು. ಉತಾರದ ಒಂಬತ್ತನೆಯ ಕಾಲಮ್ಮಿನಲ್ಲಿ ಮಾಲೀಕನ ಹೆಸರಿದ್ದರೆ, ಅದರ ಪಕ್ಕದ ಹತ್ತನೆಯದರಲ್ಲಿ ಆ ಹೆಸರು ಅಲ್ಲಿಗೆ ಬಂದ ಬಗೆ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆಯ ರೂಪದಲ್ಲಿ ಕುಳಿತಿರುತ್ತದೆ. ಆ ಪುಟ್ಟ ಸಂಖ್ಯೆಯ ಬೆನ್ನು ಹಿಡಿದು ಹೋದವನು ಅಜ್ಜನ ಕಾಲದ ವಾಟಣಿಯವರೆಗೂ ತಲುಪಬಲ್ಲನು. ಸಾಹಿತ್ಯದಲ್ಲಿಯೂ ಇದೇ ವಿವೇಕವಿತ್ತು: ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆಯನ್ನು ಮುಂದಿನವರು ಪುನಃ ಪುನಃ ಪರಿಷ್ಕರಿಸಿದರೂ ನಾಲ್ಕು ಪಾಠಗಳು ನಮಗೆ ಉಳಿದುಬಂದಿರುವುದರಿಂದಲೇ, ಯಾರು ಏನನ್ನು ಸೇರಿಸಿದರೆಂಬುದನ್ನು ವಿದ್ವಾಂಸರು ಇಂದು ವಿವೇಚಿಸಬಲ್ಲವರಾಗಿದ್ದಾರೆ.

ಈ ಎಚ್ಚರವು ಸಾರ್ವಜನಿಕ ಜಾಲತಾಣಗಳಿಗೆ ಬಂದೊಡನೆ ಮಾಯವಾಗುವುದಕ್ಕೆ ಒಂದು ಸಣ್ಣ ತಾಂತ್ರಿಕ ಕಾರಣವಿದೆ. ಬಹುಸಂಖ್ಯೆಯ ತಾಣಗಳಿಗೆ ಆಧಾರವಾಗಿರುವ ವರ್ಡ್‌ಪ್ರೆಸ್ ತಂತ್ರಾಂಶವು 2008ರಿಂದಲೂ ಸಾಮಾನ್ಯ ಬರಹಗಳ ಹಿಂದಿನ ಆವೃತ್ತಿಗಳನ್ನು ಕಾಪಾಡುತ್ತ ಬಂದಿದೆ. ಆದರೆ 'ಗ್ರಾಮ', 'ಪ್ರಕಟಣೆ', 'ಪುನರ್ವಸತಿ ಕೇಂದ್ರ' ಎಂಬಂತಹ ವಿಶೇಷ ಪ್ರಕಾರಗಳನ್ನು ತಾಣದವರು ತಾವೇ ನಿರ್ಮಿಸಿಕೊಂಡಾಗ, 'ರಿವಿಷನ್ಸ್' ಎಂಬ ಒಂದೇ ಪದವನ್ನು ಆ ಪ್ರಕಾರದ ಲಕ್ಷಣಗಳಲ್ಲಿ ಬರೆಯದಿದ್ದರೆ ಪೂರ್ವರೂಪ ಉಳಿಯುವುದಿಲ್ಲ. ಬರೆದರೂ ಉಳಿಯುವುದು ಶೀರ್ಷಿಕೆ ಮತ್ತು ಒಡಲು ಮಾತ್ರವೆನ್ನಬಹುದು. ತಾಲ್ಲೂಕು, ಸರ್ವೆ ನಂಬರು, ದರ, ಕೊನೆಯ ದಿನಾಂಕ ಮೊದಲಾದವು ಬೇರೆ ಕೋಷ್ಟಕದಲ್ಲಿ ಶೇಖರವಾಗುವುದರಿಂದ, 2023ರ ನವೆಂಬರಿನಲ್ಲಿ ಬಂದ 6.4ನೆಯ ಆವೃತ್ತಿಯ ತನಕ ಅವುಗಳ ಇತಿಹಾಸವನ್ನು ಆ ತಂತ್ರಾಂಶವು ತಾನಾಗಿ ಕಾಯುತ್ತಿರಲಿಲ್ಲ, ಈಗಲೂ ಒಂದೊಂದು ವಿವರಕ್ಕೂ ಪ್ರತ್ಯೇಕವಾಗಿ ಹೇಳಿದಲ್ಲದೆ ಕಾಯುವುದಿಲ್ಲ. ಜನರಿಗೆ ಯಾವುದು ಅತ್ಯಗತ್ಯವೋ ಅದೇ ಅಳಿಸಿಹೋಗುವ ಈ ಏರ್ಪಾಡನ್ನು ಸಾರ್ವಜನಿಕ ಕಾರ್ಯದಲ್ಲಿ ಸಹಿಸಲಾಗದು.

ನಮ್ಮ ಸೀಮೆಯಲ್ಲಿ ಇದು ಬರಿಯ ತಂತ್ರಜ್ಞರ ಚರ್ಚೆಯಲ್ಲ. ಆಲಮಟ್ಟಿಯಲ್ಲಿ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಸಿತು. ಅದರಿಂದ ಮುಳುಗಡೆಯಾಗುವ ಜಮೀನಿಗೆ ಪರಿಹಾರವು ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿಯೆಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ನಿರ್ಧರಿಸಿತು. ಇನ್ನು ಮುಂದೆ ಯಾದಿಗಳೂ ದರಗಳೂ ಗಡುವುಗಳೂ ಪರದೆಯ ಮೇಲೆ ಮೇಲಿಂದ ಮೇಲೆ ಬದಲಾಗುವ ಸಂಭವವಿರುವಾಗ, ಸೋಮವಾರ 'ನೀರಾವರಿ' ಎಂದಿದ್ದ ಸರ್ವೆ ನಂಬರು ಗುರುವಾರ 'ಒಣಬೇಸಾಯ' ಎಂದಾದರೆ ಎಕರೆಗೆ ಹತ್ತು ಲಕ್ಷ ಕಳೆದುಕೊಳ್ಳುವ ರೈತನು ಯಾವ ಆಧಾರದಿಂದ ಪ್ರಶ್ನಿಸಬೇಕು? ಮೊಬೈಲಿನಲ್ಲಿ ತೆಗೆದಿಟ್ಟುಕೊಂಡ ಚಿತ್ರವನ್ನು ಕಚೇರಿಯವರು ಒಪ್ಪುವರೆಂಬ ಭರವಸೆಯಿಲ್ಲ.

ಸ್ಥಳ ಸಾಲದೆಂಬ ಆಕ್ಷೇಪಕ್ಕೆ ಹೆಚ್ಚು ಉತ್ತರ ಬೇಕಿಲ್ಲ. ಅಕ್ಷರಗಳು ಭಾವಚಿತ್ರಗಳಷ್ಟು ಜಾಗ ಬೇಡುವುದಿಲ್ಲ. ಖಾಸಗಿ ವಿವರಗಳ ಆಕ್ಷೇಪವು ನ್ಯಾಯವಾದುದು: ಪ್ರಮಾದದಿಂದ ಪ್ರಕಟವಾದ ಆಧಾರ್ ಸಂಖ್ಯೆಯು ಹಳೆಯ ಆವೃತ್ತಿಯಲ್ಲಿಯೂ ಇರಕೂಡದು, ಅದನ್ನು ತೆಗೆದದ್ದು ಯಾರು, ಎಂದು ಎಂಬ ನಮೂದು ಮಾತ್ರ ಇರತಕ್ಕದ್ದು.

ಜಾಲತಾಣ ನಿರ್ಮಾಣದ ಪ್ರತಿಯೊಂದು ಟೆಂಡರಿನಲ್ಲಿಯೂ ವಿಶೇಷ ಪ್ರಕಾರಗಳಿಗೂ ಅವುಗಳ ಪ್ರತಿ ವಿವರಕ್ಕೂ ಆವೃತ್ತಿ ಇತಿಹಾಸವಿರತಕ್ಕದ್ದೆಂಬ ಷರತ್ತನ್ನು ಸೇರಿಸಬೇಕು, ಮತ್ತು ಆ ಇತಿಹಾಸವು ಕಚೇರಿಯ ಒಳಗಿನವರಿಗಷ್ಟೇ ಅಲ್ಲದೆ ಓದುಗನಿಗೂ ಕಾಣುವಂತಿರಬೇಕು. ಈಗಾಗಲೇ ನಡೆಯುತ್ತಿರುವ ತಾಣಗಳಲ್ಲಿಯೂ ಇದನ್ನು ತಡಮಾಡದೆ ಅಳವಡಿಸಬೇಕು. ಏಕೆಂದರೆ ಈ ಸೌಲಭ್ಯವು ಅಳವಟ್ಟ ದಿನದಿಂದೀಚಿನ ತಿದ್ದುಪಡಿಗಳನ್ನು ಮಾತ್ರ ಉಳಿಸಬಲ್ಲುದು, ಅದಕ್ಕೆ ಮೊದಲು ಅಳಿದುಹೋದುದನ್ನು ಮರಳಿ ತರಲಾರದು.