ವೇಷ ತೊಟ್ಟವರ ತಕರಾರು

ಹತ್ತು ವರ್ಷ ಕಾಯಿಸಿದ ಮೇಲೆ ‘ಡ್ರ್ಯಾಗನ್ ಏಜ್’ ಎಂಬ ವಿಡಿಯೊ ಗೇಮ್ ಸರಣಿಯ ನಾಲ್ಕನೆಯ ಆಟ ‘ದಿ ವೇಲ್‌ಗಾರ್ಡ್’ 2024ರ ಅಕ್ಟೋಬರ್ 31ರಂದು ಬಿಡುಗಡೆಯಾಯಿತು. ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿ ಬರೆದರು. ಆಡಿದವರು ಮಾತ್ರ ಎರಡು ಪಾಲಾದರು. ಕಾಳಗ ಚುರುಕಾಗಿದೆ, ನೋಟ ಸೊಗಸಾಗಿದೆ, ಜೊತೆಗಾರರ ಕಥೆಗಳು ಮನಸ್ಸಿಗೆ ತಟ್ಟುತ್ತವೆ ಎಂದು ಒಂದು ಪಾಲು. ಇದು ನಮ್ಮ ಡ್ರ್ಯಾಗನ್ ಏಜ್ ಅಲ್ಲವೇ ಅಲ್ಲ ಎಂದು ಇನ್ನೊಂದು ಪಾಲು. ಆ ತ್ರೈಮಾಸಿಕದಲ್ಲಿ ಸುಮಾರು 15 ಲಕ್ಷ ಜನ ಆಟಕ್ಕೆ ಬಂದರು, ಇದು ತನ್ನ ನಿರೀಕ್ಷೆಯ ಹೆಚ್ಚುಕಡಿಮೆ ಅರ್ಧದಷ್ಟೇ ಎಂದು ಪ್ರಕಾಶಕ ಸಂಸ್ಥೆ ಎಲೆಕ್ಟ್ರಾನಿಕ್ ಆರ್ಟ್ಸ್ 2025ರ ಜನವರಿಯಲ್ಲಿ ಹೇಳಿತು. ಅದೇ ತಿಂಗಳು ಆಟ ಕಟ್ಟಿದ ಕೆನಡಾದ ಬಯೋವೇರ್‌ನಲ್ಲಿ ಹಲವರು ಕೆಲಸ ಕಳೆದುಕೊಂಡರು.

ಕಬ್ಬಿನ ಬಾಕಿ, ನಾಲೆಯ ನೀರು ಅಂತ ಮಾತಾಡುವ ಮಂಡ್ಯದವರಿಗೆ ಈ ಜಗಳ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಬೇಕು. ಪಾತ್ರ ಹೊರುವುದು ಅಂದರೇನು ಎಂದು ಈ ಜಿಲ್ಲೆಗೆ ಗೊತ್ತಿರುವಷ್ಟು ಕೆಲವೇ ಸೀಮೆಗಳಿಗೆ ಗೊತ್ತು.

ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಹೇಗೆ ನಡೆಯುತ್ತದೆ ನೋಡಿ. ಪಾತ್ರ ಮಾಡುವವರು ಕೈಯಿಂದ ದುಡ್ಡು ಹಾಕುತ್ತಾರೆ. ದುರ್ಯೋಧನ ಬೇಕೆಂದರೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಹೊಲದ ಕೆಲಸ ಮುಗಿಸಿ ಬಂದು, ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ತಿಂಗಳುಗಟ್ಟಲೆ ಕಂದ, ಮಟ್ಟು, ಮಾತು ಕಲಿಯುತ್ತಾರೆ. ಸೀನರಿ ಕಟ್ಟಿದ ರಾತ್ರಿ ಕಿರೀಟ ಇಟ್ಟು ಗದೆ ಹಿಡಿದರೆ ಬೆಳಗಿನ ಜಾವದವರೆಗೆ ಆತ ಹಸ್ತಿನಾವತಿಯ ಒಡೆಯ. ಮುಂದೊಂದು ವರ್ಷ ಊರಿನ ಹೊಸ ತಂಡ ಅದೇ ನಾಟಕ ಎತ್ತಿಕೊಂಡು ಒಂದು ಹಾಡು ಬಿಟ್ಟರೆ, ಒಂದು ಮಟ್ಟು ಬದಲಿಸಿದರೆ, ಮೊದಲು ತಕರಾರು ತೆಗೆಯುವವನು ಆ ಪಾತ್ರ ಮಾಡಿದ ಹಳಬನೇ. ನೋಡಿ ಮನೆಗೆ ಹೋದವನು ಆ ವ್ಯತ್ಯಾಸ ಗಮನಿಸಿಯೂ ಇರುವುದಿಲ್ಲ. ಹಾಡಿದವನ ಗಂಟಲಿಗೆ ಅದು ಗೊತ್ತಾಗುತ್ತದೆ.

ಡ್ರ್ಯಾಗನ್ ಏಜ್‌ನಂಥ ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಪಾತ್ರ ಹೊತ್ತು ಆಡುವ ಆಟ, ಆಡುವವರೂ ಹೀಗೇ ವೇಷ ತೊಟ್ಟವರು. ಸಿನಿಮಾ ನೋಡಿದವರ ಬೇಸರಕ್ಕೂ ಇವರ ಬೇಸರಕ್ಕೂ ಇರುವ ಅಂತರ ಅಲ್ಲಿದೆ. 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ನೀವು ಯಾವ ಕುಲದಲ್ಲಿ, ಯಾವ ಅಂತಸ್ತಿನಲ್ಲಿ ಹುಟ್ಟಿದವರು ಎಂಬುದರಿಂದ ಕಥೆ ಶುರುವಾಗುತ್ತಿತ್ತು. ಫೆರೆಲ್ಡನ್ ರಾಜ್ಯದ ಸಿಂಹಾಸನದ ಮೇಲೆ ಯಾರು ಕೂರಬೇಕು ಎಂಬುದಕ್ಕೂ ನಿಮ್ಮ ಮಾತು ನಡೆಯುತ್ತಿತ್ತು. 2011ರ ಎರಡನೆಯ ಆಟ ಆ ತೀರ್ಮಾನಗಳನ್ನು ಸೇವ್ ಫೈಲ್‌ನಿಂದ ಎತ್ತಿಕೊಂಡಿತು. 2014ರ ಮೂರನೆಯದು ಬಂದಾಗ ಹಳೆಯ ಆಯ್ಕೆಗಳನ್ನೆಲ್ಲ ದಾಖಲಿಸಲು ‘ಡ್ರ್ಯಾಗನ್ ಏಜ್ ಕೀಪ್’ ಎಂಬ ಪ್ರತ್ಯೇಕ ವ್ಯವಸ್ಥೆಯನ್ನೇ ಕಂಪನಿ ಕಟ್ಟಿತು. ನೀವು ಮಾಡಿದ್ದನ್ನು ನಾವು ಮರೆಯುವುದಿಲ್ಲ ಎಂದು ಆಟಗಾರರಿಗೆ ಕೊಟ್ಟ ಮಾತು ಅದು.

ವೇಲ್‌ಗಾರ್ಡ್‌ಗೆ ಬಂದಾಗ ಹಿಂದಿನಿಂದ ಉಳಿದ ಆಯ್ಕೆಗಳು ಮೂರೇ ಮೂರು, ಅವೂ ಮೂರನೆಯ ಆಟದವು. ಮೊದಲೆರಡು ಆಟಗಳಲ್ಲಿ ರಾಜನನ್ನು ಆರಿಸಿದ್ದು, ಗೆಳೆಯನನ್ನು ಉಳಿಸಿದ್ದು, ಕೈಬಿಟ್ಟಿದ್ದು ಯಾವುದೂ ಲೆಕ್ಕಕ್ಕಿಲ್ಲ. ಒರಿಜಿನ್ಸ್‌ನಲ್ಲಿ ಆಟ ನಿಲ್ಲಿಸಿ ತಂಡದ ನಾಲ್ವರನ್ನೂ ಒಬ್ಬೊಬ್ಬರಾಗಿ ನಡೆಸಬಹುದಿತ್ತು. ಈಗ ಜೊತೆಗೆ ಬರುವವರು ಇಬ್ಬರು, ಅವರಿಗೆ ಅಪ್ಪಣೆ ಕೊಡಬಹುದೇ ಹೊರತು ಅವರಾಗಿ ಆಡುವಂತಿಲ್ಲ. ಈ ಎರಡು ಆಕ್ಷೇಪಗಳೂ ನ್ಯಾಯವಾದವು ಎಂದೇ ನನ್ನ ಅಭಿಪ್ರಾಯ. ಹೊಸದು ಬಂತೆಂಬ ಸಿಟ್ಟು ಅಲ್ಲಿಲ್ಲ. ಕೊಟ್ಟ ಮಾತು ಎಲ್ಲಿ ಹೋಯಿತು ಎಂಬ ಪ್ರಶ್ನೆ ಇದೆ.

ಹಾಗೆಂದು ಹಳಬರು ಹೇಳಿದ್ದೆಲ್ಲ ಸರಿ ಎನ್ನಲಾರೆ. ಜಪಾನಿನ ‘ಫೈನಲ್ ಫ್ಯಾಂಟಸಿ’ 1987ರಲ್ಲಿ ಶುರುವಾದಾಗ ಸರದಿಯ ಪ್ರಕಾರ ಏಟು ಹಾಕುವ ಆಟ. 2023ರ ಹದಿನಾರನೆಯದು ಕೈಚಳಕದ ನೇರ ಕಾಳಗ. ಅದನ್ನು ಒಪ್ಪದವರು ಬಹಳ. ಅದೇ ವರ್ಷದ ‘ಬಾಲ್ಡರ್ಸ್ ಗೇಟ್ 3’ ಸರದಿಯ ಆಟವಾಗಿ ಬಂದಾಗ, ಹಿಂದಿನ ಎರಡು ಆಟಗಳು ಹೀಗಿರಲಿಲ್ಲ ಎಂದು ಅಲ್ಲಿಯ ಹಳಬರಲ್ಲಿ ಕೆಲವರು ತಕರಾರು ತೆಗೆದಿದ್ದರು. ಅದು ಆ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಸರದಿಯೋ ನೇರ ಕಾಳಗವೋ ಎಂಬುದು ರುಚಿಯ ಮಾತು. ನನ್ನ ತೀರ್ಮಾನಕ್ಕೆ ಬೆಲೆಯಿದೆಯೋ ಇಲ್ಲವೋ ಎಂಬುದು ಪಾತ್ರದ ಮಾತು. ಇವೆರಡನ್ನು ಬೇರ್ಪಡಿಸಿ ಹೇಳಬಲ್ಲ ಆಟಗಾರನ ಟೀಕೆಗೆ ತೂಕ ಬರುತ್ತದೆ.

ಅಂಥ ಟೀಕೆಯನ್ನು ಕಿವಿಗೊಟ್ಟು ಕೇಳಿದವರು ಗೆದ್ದಿದ್ದಾರೆ. ಈ ಪ್ರಕಾರದ ಮೂಲ ಬೇರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಬಾಯಲ್ಲೇ ಕಥೆ ಕಟ್ಟುವ ಆಟ ಅದು. 2008ರಲ್ಲಿ ಅದರ ನಾಲ್ಕನೆಯ ಆವೃತ್ತಿ ಬಂದಾಗ ಆಟಗಾರರು ಒಡೆದರು. ಹಳೆಯ ನಿಯಮ ಬಿಡಲೊಲ್ಲದ ದೊಡ್ಡ ಗುಂಪು ಮರುವರ್ಷ ಬಂದ ‘ಪಾತ್‌ಫೈಂಡರ್’ ಎಂಬ ಬೇರೆ ಆಟಕ್ಕೆ ಹೋಯಿತು. ಪ್ರಕಾಶಕರು ಹೋದವರನ್ನು ಬೈಯುತ್ತ ಕೂರಲಿಲ್ಲ. 2012ರಿಂದ ಹೊಸ ನಿಯಮಗಳ ಕರಡನ್ನು ಆಟಗಾರರ ಕೈಗೇ ಕೊಟ್ಟು, ಆಡಿಸಿ, ಕೇಳಿ, ತಿದ್ದಿದರು. 2014ರಲ್ಲಿ ಬಂದ ಐದನೆಯ ಆವೃತ್ತಿ ಹಳಬರನ್ನು ಮರಳಿ ಕರೆತಂದು ಹೊಸ ತಲೆಮಾರನ್ನೂ ಸೇರಿಸಿಕೊಂಡಿತು.

‘ಫೈನಲ್ ಫ್ಯಾಂಟಸಿ 14’ರದ್ದು ಇನ್ನೂ ದೊಡ್ಡ ಪಾಠ. 2010ರಲ್ಲಿ ಬಂದ ಆ ಆನ್‌ಲೈನ್ ಆಟವನ್ನು ಜನ ತಿರಸ್ಕರಿಸಿದರು. ಕಂಪನಿ ಕ್ಷಮೆ ಕೇಳಿತು, ಹೊಣೆಯನ್ನು ನವೋಕಿ ಯೋಶಿದಾ ಅವರಿಗೆ ವಹಿಸಿತು. ಅವರು 2012ರಲ್ಲಿ ಹಳೆಯ ಲೋಕದ ಮೇಲೆ ಒಂದು ಚಂದ್ರನನ್ನೇ ಬೀಳಿಸಿ, ಪ್ರಳಯವನ್ನು ಕಥೆಯ ಭಾಗ ಮಾಡಿ, ಆಟ ಮುಚ್ಚಿದರು. 2013ರಲ್ಲಿ ಹೊಸದಾಗಿ ಕಟ್ಟಿ ತೆರೆದರು. ಹಳಬರು ಅನುಭವಿಸಿದ ಕಷ್ಟವೂ ಆ ಲೋಕದ ಚರಿತ್ರೆಯಲ್ಲಿ ಉಳಿಯಿತು. ಆಟಗಾರರ ನೆನಪಿಗೆ ಗೌರವ ಕೊಡುವುದೆಂದರೆ ಇದು.

ವೇಲ್‌ಗಾರ್ಡ್ ಜಗಳದಲ್ಲಿ ನನಗೆ ನೋವಾದದ್ದು ಬೇರೆ ಕಡೆ. ಆ ಆಟದಲ್ಲಿ ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ಕಂಡುಕೊಳ್ಳುವ ತಾಶ್ ಎಂಬ ಪಾತ್ರವಿದೆ. ಆ ಪಾತ್ರದ ಬರವಣಿಗೆ ಹೇಗಿದೆ ಎಂದು ಚರ್ಚಿಸಲು ಎಲ್ಲರಿಗೂ ಹಕ್ಕಿದೆ. ಆದರೆ ಅಂಥ ಪಾತ್ರ ಇರಲೇಬಾರದೆಂದು ಬೈದವರು, ಆಟ ಮುಟ್ಟದೆಯೇ ಸೊನ್ನೆ ಅಂಕ ಸುರಿದವರು ಬಹಳ. ಆ ಗದ್ದಲದಲ್ಲಿ ನ್ಯಾಯವಾದ ಆಕ್ಷೇಪದ ದನಿಯೂ ಮುಚ್ಚಿಹೋಯಿತು. ದ್ವೇಷಕ್ಕೆ ಉತ್ತರ ಕೊಡುವ ಭರದಲ್ಲಿ ನಿಜವಾದ ಅಭಿಮಾನಿಯ ದೂರನ್ನೂ ದ್ವೇಷವೆಂದು ತಳ್ಳಿಹಾಕುವುದು ಸುಲಭವಾಯಿತು. ನಷ್ಟ ಇಬ್ಬರಿಗೂ ಆಯಿತು.

ಈ ಮಾತನ್ನು ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಹೇಳಲು ಕಾರಣವಿದೆ. ಭಾರತದಲ್ಲಿ ಗೇಮ್ ತಯಾರಿಕೆಗೆ ಮೊದಲು ಕೈಹಾಕಿದ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರ್ಯಾಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. 2019ರಲ್ಲಿ ಅದನ್ನು ಕೊಂಡ ರಾಕ್‌ಸ್ಟಾರ್ ಕಂಪನಿಯ ಶಾಖೆ ಇರುವುದೂ ಅಲ್ಲೇ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ರಾಜ್ಯ ಸರ್ಕಾರ 2024ರಲ್ಲಿ ತನ್ನ ಮೂರನೆಯ ನೀತಿಯನ್ನು ಪ್ರಕಟಿಸಿದೆ. ಮದ್ದೂರಿನಿಂದ ರೈಲು ಹತ್ತಿ ದಿನಾ ಬೆಂಗಳೂರಿಗೆ ಹೋಗಿಬರುವವರಲ್ಲಿ ನಾಳೆ ಇಂಥ ಆಟ ಬರೆಯುವವರೂ ಇರಬಹುದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಪರಂಪರೆಯಲ್ಲಿ ನೀಲಗಾರರು ಹಾಡಿಕೊಂಡು ಬಂದ ಕಥೆಯೊಂದೇ ಹಲವು ಆಟಗಳಿಗೆ ಸಾಕು.

ಅಂಥ ಆಟ ಕನ್ನಡದಲ್ಲಿ ಬಂದ ದಿನ ಆಡಿದವರು ಎರಡು ಪಾಲಾಗುತ್ತಾರೆ, ಆಗಲಿ. ಆದರೆ ತಕರಾರು ಎತ್ತುವ ಮೊದಲು ಪೂರ್ತಿ ಆಡಿರಬೇಕು. ಏನು ಕಳೆಯಿತು ಎಂಬುದನ್ನು ಬೆರಳಿಟ್ಟು ತೋರಿಸಬೇಕು. ಕಟ್ಟಿದವರ ಹುಟ್ಟು, ಜಾತಿ, ಲಿಂಗದ ಮೇಲೆ ನಾಲಿಗೆ ಹರಿಬಿಡಬಾರದು. ಕಟ್ಟುವವರೂ ಅಷ್ಟೇ, ಬರೀ ಮಾರಾಟದ ಲೆಕ್ಕ ನೋಡಿ ತೀರ್ಮಾನಿಸದೆ, ದುಡ್ಡು ಮತ್ತು ವರ್ಷಗಟ್ಟಲೆ ಹೊತ್ತು ಕೊಟ್ಟು ಪಾತ್ರ ಹೊತ್ತವರನ್ನು ಕೂರಿಸಿ ಕೇಳಬೇಕು. ಕಥೆಯೊಳಗೆ ಒಮ್ಮೆ ಬದುಕಿದವರಿಗೆ ಆ ಕಥೆ ಮುಂದೆ ಹೇಗೆ ನಡೆಯಬೇಕೆಂದು ಕೇಳುವ ಹಕ್ಕಿದೆ. ಆ ಹಕ್ಕು ಉಳಿಯುವುದು ಅದನ್ನು ಮರ್ಯಾದೆಯಿಂದ ಚಲಾಯಿಸಿದಾಗ ಮಾತ್ರ.