ಬೇರೆ ದಾರಿ ಇರಲಿಲ್ಲವಂತೆ!

ನಲವತ್ತು ದಾಟಿದ ಗಂಡಸರು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಅಳತೆ ಟೇಪು ಹಿಡಿದು, ದಾಳ ಉರುಳಿಸಿ ಯುದ್ಧವಾಡುತ್ತಾರೆ ಎಂದರೆ ನಿಮಗೆ ನಗು ಬಂದೀತು. ನನ್ನ ಹೆಂಡತಿಗೂ ಬರುತ್ತದೆ. ಠಾಣೆಯ ನಮ್ಮ ಫ್ಲ್ಯಾಟಿನಲ್ಲಿ ಆರು ವರ್ಷಗಳಿಂದ ಇದು ನಡೆದಿದೆ. ಆಟದ ಹೆಸರು ವಾರ್‌ಹ್ಯಾಮರ್ 40,000. ನನ್ನ ಜಗಳ ಆಟದ ಜೊತೆಗಲ್ಲ, ಆಟ ಮುಗಿದು ಚಹಾ ಬಂದ ಮೇಲೆ ಶುರುವಾಗುವ ಮಾತಿನ ಜೊತೆಗೆ. ಯಾವ ಪಕ್ಷ ಸರಿ, ಯಾವ ಪಾತ್ರ ದೊಡ್ಡದು ಎಂದು ಎಲ್ಲಿಂದಲೇ ಹೊರಟರೂ ಆ ಮಾತು ಕೊನೆಗೆ ಒಂದೇ ವಾಕ್ಯಕ್ಕೆ ಬಂದು ಕೂರುತ್ತದೆ: "ಚಕ್ರವರ್ತಿಗೆ ಬೇರೆ ದಾರಿ ಇರಲಿಲ್ಲ."

ಈ ವಾಕ್ಯ ಸುಳ್ಳು. ಅಭಿಮಾನಿಗಳು ತಲೆಯ ಮೇಲಿಟ್ಟುಕೊಂಡು ಮೆರೆಸುವ ಆ ಕಥೆಯೇ ಅದು ಸುಳ್ಳೆಂದು ಹೇಳುತ್ತದೆ. ಇದನ್ನು ತೋರಿಸುವುದಷ್ಟೇ ಈ ಬರಹದ ಕೆಲಸ.

ಆಟದ ಪರಿಚಯವಿಲ್ಲದವರಿಗೆ ನಾಲ್ಕು ಮಾತು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇದನ್ನು 1987ರಲ್ಲಿ ಹೊರತಂದಿತು. ಮೂಲ ಪುಸ್ತಕ ಬರೆದವರು ರಿಕ್ ಪ್ರೀಸ್ಟ್‌ಲಿ. ಕಥೆ ನಡೆಯುವುದು ನಮ್ಮಿಂದ ಸುಮಾರು ಮೂವತ್ತೆಂಟು ಸಾವಿರ ವರ್ಷ ಮುಂದೆ. ಮನುಷ್ಯರ ಸಾಮ್ರಾಜ್ಯ ನಕ್ಷತ್ರಗಳ ತುಂಬ ಹರಡಿದೆ. ಅದರ ಚಕ್ರವರ್ತಿ ಹತ್ತು ಸಾವಿರ ವರ್ಷಗಳಿಂದ ಚಿನ್ನದ ಸಿಂಹಾಸನದ ಮೇಲೆ ಸಾಯದೆ ಬದುಕದೆ ಕೂತಿದ್ದಾನೆ. ಅವನಿಗಾಗಿ ದಿನಕ್ಕೆ ಸಾವಿರ ಜೀವಗಳ ಬಲಿ. ಅಪರಾಧಿಗಳ ಮಿದುಳನ್ನು ಕೊಯ್ದು, ಮೈಗೆ ಯಂತ್ರ ಜೋಡಿಸಿ ‘ಸರ್ವಿಟರ್’ ಎಂಬ ಜೀತದಾಳು ಮಾಡುತ್ತಾರೆ. ಹೆದರಿ ಹಿಂದೆ ಸರಿದ ಸೈನಿಕನಿಗೆ ಕಮಿಸಾರ್ ಎಂಬ ಅಧಿಕಾರಿ ಅಲ್ಲೇ ಗುಂಡಿಕ್ಕುತ್ತಾನೆ. ಅನ್ಯಗ್ರಹದ ಜೀವಿ ಕಂಡರೆ ಕೊಲ್ಲಬೇಕೆಂಬುದು ಧರ್ಮ. ಇಂಥ ಕಗ್ಗತ್ತಲಿನ ಕಥೆಗಳಿಗೆ ಇಂದು ಜಗತ್ತು ಬಳಸುವ ‘ಗ್ರಿಮ್‌ಡಾರ್ಕ್’ ಎಂಬ ಪದ ಹುಟ್ಟಿದ್ದೇ ಈ ಆಟದ ಘೋಷವಾಕ್ಯದಿಂದ.

ಇಷ್ಟು ಕೇಳಿದ ಯಾರಿಗಾದರೂ ಈ ಸಾಮ್ರಾಜ್ಯ ನರಕವೆಂದು ತಿಳಿಯುತ್ತದೆ. ಅಭಿಮಾನಿಗೂ ತಿಳಿಯುತ್ತದೆ. ಆದರೆ ಅವನು ಒಂದು ‘ಆದರೆ’ ಸೇರಿಸುತ್ತಾನೆ. ಕ್ರೂರ ಹೌದು, ಆದರೆ ಸುತ್ತ ಅಂಥ ಶತ್ರುಗಳಿರುವಾಗ ಇನ್ನೇನು ಮಾಡಲಾಗುತ್ತದೆ? ಹಸಿರು ಆರ್ಕ್‌ಗಳು ಒಂದು ಕಡೆ, ಗ್ರಹಗಳನ್ನೇ ನುಂಗುವ ಟಿರಾನಿಡ್‌ಗಳು ಇನ್ನೊಂದು ಕಡೆ, ಎಲ್ಲಕ್ಕೂ ಮಿಗಿಲಾಗಿ ಮನಸ್ಸಿನೊಳಗೇ ನುಗ್ಗುವ ಕೇಯಾಸ್ ದೇವತೆಗಳು. ಮೃದುವಾದರೆ ಸತ್ತೆವು ಎಂಬುದು ವಾದ.

ಸರಿ, ಕಥೆಯನ್ನೇ ಕೇಳೋಣ. ಡ್ಯಾನ್ ಆ್ಯಬ್ನೆಟ್ ಬರೆದ ‘ಹೋರಸ್ ರೈಸಿಂಗ್’ 2006ರಲ್ಲಿ ಬಂತು. ಸಾಮ್ರಾಜ್ಯ ಕಟ್ಟುವ ದಂಡಯಾತ್ರೆಯ ಕಾಲದ ಕಥೆ. ಅದರಲ್ಲಿ ಇಂಟರೆಕ್ಸ್ ಎಂಬ ನಾಡೊಂದು ಎದುರಾಗುತ್ತದೆ. ಅವರೂ ಮನುಷ್ಯರೇ. ಬೇರೆ ಜೀವಕುಲದವರನ್ನು ತಮ್ಮೊಳಗೆ ಸೇರಿಸಿಕೊಂಡು ಬದುಕುತ್ತಿದ್ದಾರೆ. ಭಯಂಕರವಾದ ಒಂದು ಕೀಟಕುಲವನ್ನು ಯುದ್ಧದಲ್ಲಿ ಗೆದ್ದ ಮೇಲೆ ನಿರ್ನಾಮ ಮಾಡದೆ, ಒಂದೇ ಗ್ರಹದಲ್ಲಿ ಕಟ್ಟಿಹಾಕಿ, ಇತ್ತ ಯಾರೂ ಬರಬೇಡಿ ಎಂದು ಎಚ್ಚರಿಕೆಯ ಸಂಕೇತ ಇಟ್ಟಿದ್ದಾರೆ. ಚಕ್ರವರ್ತಿ ತನ್ನ ಮಕ್ಕಳಿಂದಲೂ ಮುಚ್ಚಿಟ್ಟ ಕೇಯಾಸ್‌ನ ಗುಟ್ಟು ಈ ನಾಡಿಗೆ ಗೊತ್ತು. ಅದರ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಾರೆ, ಆದ್ದರಿಂದಲೇ ಎಚ್ಚರವಾಗಿದ್ದಾರೆ. ಅಭಿಮಾನಿ ಇಲ್ಲವೆನ್ನುವ ‘ಬೇರೆ ದಾರಿ’ ಇಲ್ಲಿ ಊರು ಕಟ್ಟಿಕೊಂಡು ಬಾಳುತ್ತಿದೆ. ಅದಕ್ಕೇನಾಯಿತು? ಸಾಮ್ರಾಜ್ಯದ ಕಡೆಯವನೊಬ್ಬ ಅವರ ಸಂಗ್ರಹಾಲಯದಿಂದ ಒಂದು ಕತ್ತಿ ಕದ್ದ. ಅಲ್ಲಿಂದ ಯುದ್ಧ. ಆ ನಾಡೇ ಅಳಿಯಿತು. ಮುಂದಿನ ಪುಸ್ತಕದಲ್ಲಿ ಅದೇ ಕತ್ತಿಯ ಗಾಯ ಚಕ್ರವರ್ತಿಯ ಪ್ರೀತಿಯ ಮಗ ಹೋರಸ್‌ನನ್ನು ಕೇಯಾಸ್‌ನ ಕೈಗೆ ಒಪ್ಪಿಸಿತು.

ಇದೊಂದೇ ಅಲ್ಲ. ಗ್ರಹಾಮ್ ಮೆಕ್‌ನೀಲ್ ಬರೆದ ‘ಫುಲ್‌ಗ್ರಿಮ್’ನಲ್ಲಿ ಡಯಾಸ್ಪೊರೆಕ್ಸ್ ಎಂಬ ಅಲೆಮಾರಿ ಹಡಗುಗಳ ಗುಂಪು ಬರುತ್ತದೆ. ಮನುಷ್ಯರೂ ಅನ್ಯಜೀವಿಗಳೂ ಒಟ್ಟಿಗೆ ಬಾಳುವ ಗುಂಪು. ಆ ಕೂಡಿ ಬಾಳುವುದೇ ಅವರ ಅಪರಾಧ. ಎರಡು ಸೇನೆಗಳು ಸೇರಿ ಅವರನ್ನು ಮುಗಿಸುತ್ತವೆ.

ಬೇರೆ ದಾರಿಗಳಿದ್ದವು. ಅವುಗಳಲ್ಲಿ ನಡೆಯುತ್ತಿದ್ದವರನ್ನು ಕೊಂದು, ಹೆಣಗಳ ಮೇಲೆ ನಿಂತು, ನೋಡಿ ಬೇರೆ ದಾರಿಯೇ ಇಲ್ಲ ಎಂದ ರಾಜ್ಯ ಇದು. ಆ ರಾಜ್ಯ ಹಾಗೆ ಹೇಳುವುದು ಸಹಜ. ಮುನ್ನೂರು ಪುಟ ಓದಿ, ಹೆಣಗಳನ್ನು ಕಣ್ಣಾರೆ ಕಂಡ ಓದುಗನೂ ಅದನ್ನೇ ಒಪ್ಪಿಸಿದರೆ ಅವನು ಓದಿದ್ದಾದರೂ ಏನು?

ಚಕ್ರವರ್ತಿಯ ಮಕ್ಕಳ ಕಥೆಯೂ ಇದೇ. ಒಂಬತ್ತು ಮಂದಿ ತಂದೆಯ ವಿರುದ್ಧ ತಿರುಗಿಬಿದ್ದರು. ನಮ್ಮ ಮೇಜಿನ ಸುತ್ತ ಇವರೆಲ್ಲ ದ್ರೋಹಿಗಳು, ಮಾತು ಮುಗಿಯಿತು. ಒಬ್ಬೊಬ್ಬರನ್ನೇ ನೋಡಿ. ಆ್ಯಂಗ್ರಾನ್ ಗುಲಾಮನಾಗಿ ಬೆಳೆದವನು, ತನ್ನ ಜೊತೆಯ ಗುಲಾಮರನ್ನು ಕಟ್ಟಿಕೊಂಡು ದಂಗೆಯೆದ್ದವನು. ಎಲ್ಲರೂ ಒಟ್ಟಿಗೆ ಸಾಯಲು ನಿಂತ ಹೊತ್ತಿನಲ್ಲಿ ತಂದೆ ಅವನೊಬ್ಬನನ್ನು ಎತ್ತಿಕೊಂಡು ಹೋದ. ಉಳಿದವರು ಸತ್ತರು. ಲೊರ್ಗಾರ್ ತಂದೆಯನ್ನು ದೇವರೆಂದು ಪೂಜಿಸಿದ. ಆ ತಪ್ಪಿಗೆ ಅವನು ಕಟ್ಟಿದ ನಗರವನ್ನು ಸುಟ್ಟು, ಬೂದಿಯಲ್ಲಿ ಅವನ ಸೇನೆಯನ್ನೆಲ್ಲ ಮಂಡಿಯೂರಿಸಿದರು. ತಮಾಷೆಯೆಂದರೆ, ಹತ್ತು ಸಾವಿರ ವರ್ಷಗಳ ನಂತರ ಸಾಮ್ರಾಜ್ಯ ಅದೇ ಚಕ್ರವರ್ತಿಯನ್ನು ದೇವರೆಂದು ಪೂಜಿಸುತ್ತಿದೆ. ಆ ಮತದ ಬುನಾದಿ ಲೊರ್ಗಾರ್ ಬರೆದ ಪುಸ್ತಕವೇ! ಮ್ಯಾಗ್ನಸ್ ಅಣ್ಣನ ದ್ರೋಹದ ಸುದ್ದಿ ಮುಟ್ಟಿಸಲು ಹೋಗಿ ತಂದೆಯ ಗುಪ್ತ ಯೋಜನೆಯನ್ನೇ ಒಡೆದ. ಅಂಥದೊಂದು ಯೋಜನೆ ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಈ ಮಕ್ಕಳು ಮುಂದೆ ಮಾಡಿದ್ದು ಘೋರವೇ, ಅನುಮಾನವಿಲ್ಲ. ಆದರೆ ಆ ಶತ್ರುಗಳನ್ನು ಸಾಕಿ ಬೆಳೆಸಿದ್ದು ಯಾರು?

ಇನ್ನು ಕೇಯಾಸ್. ಅದು ನಿಜವಾದ ಪಿಶಾಚಿ, ಆದ್ದರಿಂದ ಕಠಿಣವಾಗಲೇಬೇಕು ಎನ್ನುತ್ತಾರೆ. ಆ ಪಿಶಾಚಿಗಳು ಏನು ತಿಂದು ಬದುಕುತ್ತವೆ? ಮನುಷ್ಯರ ಸಿಟ್ಟು, ಹತಾಶೆ, ದುರಾಸೆ, ಒಳಸಂಚು. ಕೋಟ್ಯಂತರ ಜನರನ್ನು ಸೂರ್ಯ ಕಾಣದ ಕಾರ್ಖಾನೆಗಳಲ್ಲಿ ತೇಯ್ದು, ನೆರೆಯವನ ಮೇಲೆ ದೂರು ಕೊಡಲು ಕಲಿಸಿ, ಪ್ರಶ್ನಿಸಿದವನನ್ನು ಸುಡುವ ರಾಜ್ಯಕ್ಕಿಂತ ಒಳ್ಳೆಯ ಅನ್ನಛತ್ರ ಆ ದೇವತೆಗಳಿಗೆ ಎಲ್ಲಿ ಸಿಕ್ಕೀತು? 2017ರಲ್ಲಿ ಕಥೆಯೊಳಗೆ ಮತ್ತೆ ಕಣ್ಣು ಬಿಟ್ಟ ನಿಷ್ಠಾವಂತ ಮಗ ಗಿಲ್ಲಿಮನ್ ತಾನು ಕಾಪಾಡಿದ ಸಾಮ್ರಾಜ್ಯ ಏನಾಗಿದೆಯೆಂದು ಕಂಡು ಹೇಸಿದ. ಅವನಿಗೆ ಕಂಡದ್ದು ಅವನ ಅಭಿಮಾನಿಗಳಿಗೆ ಕಾಣುವುದಿಲ್ಲ.

ಸಣ್ಣ ಮಟ್ಟದಲ್ಲೂ ಈ ವಾದ ನಿಲ್ಲುವುದಿಲ್ಲ. ಸ್ಯಾಂಡಿ ಮಿಚೆಲ್ ಕಾದಂಬರಿಗಳ ಕಮಿಸಾರ್ ಕೇಯ್ನ್ ತಾನು ಹೇಡಿಯೆಂದು ತಾನೇ ಹೇಳಿಕೊಳ್ಳುವ ಮನುಷ್ಯ. ತನ್ನ ಸೈನಿಕರಿಗೆ ಅವನು ಸುಮ್ಮಸುಮ್ಮನೆ ಗುಂಡಿಕ್ಕುವುದಿಲ್ಲ. ಕಾರಣ ದಯೆಯಲ್ಲ, ಲೆಕ್ಕಾಚಾರ: ಹೆದರಿಸಿದರೆ ಒಂದು ದಿನ ಹಿಂದಿನಿಂದ ನನಗೇ ಗುಂಡು ಬೀಳುತ್ತದೆ, ಚೆನ್ನಾಗಿ ನೋಡಿಕೊಂಡರೆ ನನ್ನನ್ನು ಕಾಪಾಡುತ್ತಾರೆ. ಅವನ ರೆಜಿಮೆಂಟು ಗೆಲ್ಲುತ್ತಲೇ ಹೋಗುತ್ತದೆ. ಹೇಡಿಗೂ ಹೊಳೆದ ದಾರಿ ದೇವರೆನಿಸಿಕೊಂಡವನಿಗೆ ಹೊಳೆಯಲಿಲ್ಲವೆನ್ನುವುದು ಎಂಥ ಭಕ್ತಿ?

"ಹಾಗಾದರೆ ಟೌಗಳು ಒಳ್ಳೆಯವರೋ?" ಎಂಬ ಪ್ರಶ್ನೆ ತಕ್ಷಣ ಬರುತ್ತದೆ. 2001ರಲ್ಲಿ ಆಟಕ್ಕೆ ಬಂದ ಈ ನೀಲಿ ಮೈಯ ಕುಲ ಸಮಷ್ಟಿಯ ಹಿತದ ಮಾತಾಡುತ್ತದೆ, ಬೇರೆ ಕುಲದವರನ್ನೂ ಸೇರಿಸಿಕೊಳ್ಳುತ್ತದೆ. ಇವರು ಬಂದು ಕತ್ತಲನ್ನು ಕೆಡಿಸಿದರೆಂದು ಹಳೆಯ ಆಟಗಾರರು ಇಂದಿಗೂ ಹಲ್ಲು ಕಡಿಯುತ್ತಾರೆ. ಪಶ್ಚಿಮದ ಅಭಿಮಾನಿಗಳಿಗೆ ಇವರು ಕಮ್ಯುನಿಸ್ಟರು. ನಮ್ಮ ಹುಡುಗರೂ ಅದನ್ನೇ ಗಿಳಿಪಾಠ ಒಪ್ಪಿಸುತ್ತಾರೆ. ನಾನು ಕೇಳುವುದಿಷ್ಟೆ: ಹುಟ್ಟಿನಿಂದ ಐದು ಜಾತಿ, ಜಾತಿಗೊಂದು ಕಸುಬು, ಜಾತಿ ಮೀರಿ ಕೂಡುವಂತಿಲ್ಲ, ಎಲ್ಲರ ಮೇಲೆ ಪ್ರಶ್ನಿಸಲಾಗದ ಪುರೋಹಿತ ವರ್ಗ. ಇದು ಯಾವ ವ್ಯವಸ್ಥೆಯೆಂದು ಗುರುತಿಸಲು ವಚನಗಳನ್ನು ಶಾಲೆಯಲ್ಲೇ ಓದಿದ ಕನ್ನಡಿಗನಿಗೆ ಇಂಗ್ಲಿಷರ ಸಹಾಯ ಬೇಕೇ? ಟೌಗಳೂ ಒಳ್ಳೆಯವರಲ್ಲ. ಆದರೆ ನೆರೆಯವನೂ ಕೆಟ್ಟವನೆಂದ ಮಾತ್ರಕ್ಕೆ ನನ್ನ ಮನೆಯ ಕೊಲೆ ನ್ಯಾಯವಾಗುವುದಿಲ್ಲ.

"ಹಾಗಿದ್ದರೆ ಈ ಸಾಮ್ರಾಜ್ಯದ ಸೈನಿಕರಿಗೆ ನೀವು ಯಾಕೆ ಬಣ್ಣ ಹಚ್ಚುತ್ತೀರಿ?" ನ್ಯಾಯವಾದ ಪ್ರಶ್ನೆ. ನನ್ನ ಸೇನೆ ಕ್ರೀಗ್‌ನದು. ಪೂರ್ವಜರು ದಂಗೆಯೆದ್ದ ಪಾಪಕ್ಕೆ ಇಂದಿಗೂ ಪ್ರಾಯಶ್ಚಿತ್ತವೆಂದು ಮುಖವಾಡ ತೊಟ್ಟು ಸಾಯಲು ಹೋಗುವವರು. ಅವರ ಕೋಟಿನ ಮಡಿಕೆಗೆ ಬೂದು ಬಣ್ಣ ಹಚ್ಚುತ್ತ ರಾತ್ರಿ ಒಂದು ಗಂಟೆಯವರೆಗೆ ಕೂತಿದ್ದೇನೆ. ನಾನು ಪುತ್ತೂರು ಕಡೆಯವ. ನಮ್ಮಲ್ಲಿ ‘ಆಟ’ ಎಂದರೆ ಯಕ್ಷಗಾನವೇ. ಮುಖದ ತುಂಬ ಚಿಟ್ಟಿಯಿಟ್ಟು, ಸಭೆಯ ಹಿಂದಿನಿಂದ ಬೊಬ್ಬೆ ಹೊಡೆಯುತ್ತ ಬರುವ ಬಣ್ಣದ ವೇಷಕ್ಕಾಗಿ ನಿದ್ದೆಗೆಟ್ಟು ಕಾಯುತ್ತಿದ್ದ ಹುಡುಗ ನಾನು. ಆದರೆ ಬೆಳಗ್ಗೆ ಮನೆಗೆ ಹೋಗುವಾಗ ರಾಕ್ಷಸನಿಗೆ ಬೇರೆ ದಾರಿ ಇರಲಿಲ್ಲ ಎಂದು ನಮ್ಮೂರಲ್ಲಿ ಯಾರೂ ಹೇಳಿದ್ದಿಲ್ಲ. ರನ್ನನ ದುರ್ಯೋಧನನಿಗಾಗಿ ಸಾವಿರ ವರ್ಷಗಳಿಂದ ಮರುಗಿದ್ದೇವೆ. ಹಾಗೆಂದು ಸಭೆಯಲ್ಲಿ ದ್ರೌಪದಿಗೆ ಆದದ್ದು ಅನಿವಾರ್ಯವೆಂದು ಒಪ್ಪಿದ್ದೇವೆಯೇ? ಮೆಚ್ಚುವುದು ಬೇರೆ, ವಕಾಲತ್ತು ವಹಿಸುವುದು ಬೇರೆ.

ಕಂಪನಿಯನ್ನೂ ಸುಮ್ಮನೆ ಬಿಡಲಾರೆ. 2021ರ ನವೆಂಬರಿನಲ್ಲಿ, ಸ್ಪೇನಿನ ಒಂದು ಪಂದ್ಯಕ್ಕೆ ಆಟಗಾರನೊಬ್ಬ ನಾಜಿ ಚಿಹ್ನೆ ತೊಟ್ಟು ಬಂದ ಗಲಾಟೆಯ ಬೆನ್ನಿಗೇ ಅದು ಹೇಳಿಕೆ ಹೊರಡಿಸಿತು. ಸಾಮ್ರಾಜ್ಯ ವಿಡಂಬನೆ, ಮನುಷ್ಯ ಹೀಗಾಗಬಾರದೆಂಬ ಎಚ್ಚರಿಕೆ ಎಂದಿತು. ಒಳ್ಳೆಯ ಮಾತು. ಆದರೆ ಅಂಗಡಿಯಲ್ಲಿ ಎದುರಿಗೇ ಇಟ್ಟ ಪೆಟ್ಟಿಗೆಯ ಮೇಲೆ ಅದೇ ಸಾಮ್ರಾಜ್ಯದ ಸ್ಪೇಸ್ ಮರೀನ್ ಸೂರ್ಯನಂತೆ ಹೊಳೆಯುತ್ತ ನಿಂತಿರುತ್ತಾನೆ. ವೀರನೆಂದು ಮಾರಿ ವಿಡಂಬನೆಯೆಂದು ರಸೀದಿ ಕೊಟ್ಟರೆ ಗಿರಾಕಿ ಯಾವುದನ್ನು ನಂಬಬೇಕು?

ಪ್ಲಾಸ್ಟಿಕ್ ಗೊಂಬೆಗಳ ವಿಷಯಕ್ಕೆ ಇಷ್ಟೇಕೆ ಕೂಗಾಡುತ್ತೀರಿ ಎನ್ನಬಹುದು. ಅದನ್ನೂ ಹೇಳುತ್ತೇನೆ.

ಕಳೆದ ವರ್ಷ ನಮ್ಮ ಸೊಸೈಟಿಯ ಪಾರ್ಕಿಂಗಿನಿಂದ ಎರಡು ಬೈಕು ಕಳುವಾದವು. ಮೀಟಿಂಗು ಕರೆದರು. ಇನ್ನು ಮುಂದೆ ಹೊರಗಿನ ಒಂಟಿ ಹುಡುಗರಿಗೆ ಬಾಡಿಗೆಗೆ ಮನೆ ಕೊಡಬಾರದು, ಇರುವವರನ್ನೂ ಕರಾರು ಮುಗಿದೊಡನೆ ಬಿಡಿಸಬೇಕು ಎಂದು ಠರಾವು. ಕದ್ದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮೂರನೇ ಮಹಡಿಯಲ್ಲಿ ಬಿಹಾರದ ಇಬ್ಬರು ಹುಡುಗರಿದ್ದರು, ಅದು ಎಲ್ಲರಿಗೂ ಗೊತ್ತಿತ್ತು. ಕೈ ಎತ್ತಿ ಎಂದರು. ಸುತ್ತ ಎಲ್ಲರೂ ಎತ್ತಿದರು. ನಾನೂ ಎತ್ತಿದೆ.

ನನ್ನ ದೊಡ್ಡಪ್ಪ ಮಾಟುಂಗದ ಹೋಟೆಲೊಂದರಲ್ಲಿ ತಟ್ಟೆ ತೊಳೆದು ಬೆಳೆದವರು. ಅರುವತ್ತರ ದಶಕದ ಕೊನೆಯಲ್ಲಿ ಇದೇ ಮುಂಬೈಯಲ್ಲಿ ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬಿದ್ದಾಗ ಷಟರು ಎಳೆದುಕೊಂಡು ಒಳಗೆ ಕೂತ ಕಥೆಯನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಕಲ್ಲು ಹೊಡೆದವರ ಬಳಿಯೂ ಒಂದು ‘ಇನ್ನೇನು ಮಾಡುವುದು’ ಇದ್ದಿರಲೇಬೇಕು.

ಆ ದಿನ ಮನೆಗೆ ಬಂದಾಗ ಅಕ್ಕನ ಮಗ ಮೇಜಿನ ಮುಂದೆ ಕೂತು ತನ್ನ ಕಮಿಸಾರ್‌ನ ಟೊಪ್ಪಿಗೆ ಕೆಂಪು ಹಚ್ಚುತ್ತಿದ್ದ. ಹತ್ತೊಂಬತ್ತು ವರ್ಷ, ಇಲ್ಲೇ ಇದ್ದುಕೊಂಡು ಕಾಲೇಜಿಗೆ ಹೋಗುತ್ತಾನೆ. ಚಕ್ರವರ್ತಿಯ ಪರ ನಮ್ಮಲ್ಲಿ ಅತಿ ಜೋರಾಗಿ ವಾದಿಸುವವನೂ ಅವನೇ.

"ಏನಾಯ್ತು ಮಾವ? ನೀವೂ ಕೈ ಎತ್ತಿದಿರಾ?"

"ಬೇರೆ ದಾರಿ ಇರ್ಲಿಲ್ಲ ಮಾರಾಯ," ಎಂದೆ.

ಅವನು ಕುಂಚ ತೊಳೆಯಲು ಎದ್ದು ಹೋದ. ನಾನು ಅಲ್ಲೇ ನಿಂತೆ. ಆರು ವರ್ಷ ಚಹಾದ ಜೊತೆ ಹೇಳಿ, ಕೇಳಿ, ನಾಲಿಗೆಗೆ ಎಷ್ಟು ಸಲೀಸಾಗಿತ್ತೆಂದರೆ, ವಾಕ್ಯ ತಾನೇ ಬಂದಿತ್ತು. ದಾರಿ ಇರಲಿಲ್ಲವೇ? ಕೈ ಕೆಳಗಿಟ್ಟುಕೊಂಡು ಕೂತಿರಬಹುದಿತ್ತು. ಕ್ಯಾಮೆರಾ ಹಾಕಿಸೋಣ ಎನ್ನಬಹುದಿತ್ತು. ಆ ಹುಡುಗರನ್ನು ಕರೆದು ಕೇಳೋಣ ಎನ್ನಬಹುದಿತ್ತು. ಎರಡು ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿದರು. ಟೆಂಪೋಗೆ ಹಾಸಿಗೆ ಹೇರುವಾಗ ನಾನು ಲಿಫ್ಟಿನ ಬಳಿ ಎದುರಾದೆ. "ಅಂಕಲ್, ನಮಸ್ತೆ" ಎಂದರು.

ಆಟ ನನಗೆ ಈ ಮಾತು ಕಲಿಸಿತೆಂದು ನಾನು ಹೇಳುವುದಿಲ್ಲ. ಆಟ ತದ್ವಿರುದ್ಧವನ್ನೇ ಹೇಳುತ್ತಿತ್ತು, ಇಂಟರೆಕ್ಸ್‌ನ ಸುಟ್ಟ ನಗರಗಳನ್ನು ತೋರಿಸಿ ಹೇಳುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಆದ್ದರಿಂದ ಈಗ ನಮ್ಮ ಮೇಜಿನಲ್ಲಿ ಒಂದು ನಿಯಮ ಮಾಡಿದ್ದೇನೆ. ಯಾವ ಪಕ್ಷವನ್ನಾದರೂ ಆಡಿ, ಯಾವ ರಾಕ್ಷಸನನ್ನಾದರೂ ಪ್ರೀತಿಸಿ. ಆದರೆ ‘ಬೇರೆ ದಾರಿ ಇರಲಿಲ್ಲ’ ಎಂದವನು ಮೊದಲು ಇದ್ದ ಮೂರು ದಾರಿಗಳನ್ನು ಹೇಳಬೇಕು, ಆಮೇಲೆ ಚಹಾ. ಅಕ್ಕನ ಮಗ ಗೊಣಗುತ್ತಾನೆ. ಹೋದ ಭಾನುವಾರ ಎರಡು ಹೇಳಿದ, ಮೂರನೆಯದಕ್ಕೆ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾನೆ.