ಬಿಸಿಲು ಖರ್ಚಾಗುವ ದಿನ

ಪುನರ್ವಸು ಮಳೆ ಹಿಡಿದು ಹತ್ತನೆಯ ದಿನ. ಸಾಗರ ತಾಲ್ಲೂಕಿನ ನಮ್ಮ ಹಳ್ಳಿಮನೆಯಲ್ಲಿ ಆ ಬೆಳಗಿನ ಮೊದಲ ಮಾತು ಉಪ್ಪಿನದು. ಮರಿಗೆಯಲ್ಲಿದ್ದ ಕಲ್ಲುಪ್ಪು ರಾತ್ರಿಯೆಲ್ಲ ಬೆವರಿ, ಅಡಿಯಲ್ಲಿ ಎರಡು ಬೆರಳು ನೀರು ನಿಂತಿತ್ತು. ಅತ್ತಿಗೆ ಅದನ್ನು ಚೆಲ್ಲಲಿಲ್ಲ. ಪಾತ್ರೆಗೆ ಬಗ್ಗಿಸಿಟ್ಟುಕೊಂಡು, ಮಧ್ಯಾಹ್ನದ ಸಾರಿಗೆ ಇದೇ ಉಪ್ಪು ಎಂದರು. ಮರಿಗೆ ಒಲೆಯ ದಂಡೆಗೆ ಬಂತು.

ಶುದ್ಧವಾದ ಉಪ್ಪು ನೀರು ಬಿಡಬೇಕಾದರೆ ಗಾಳಿಯ ತೇವ ನೂರಕ್ಕೆ 75ರಷ್ಟಾದರೂ ಇರಬೇಕು. ಕಡಲಿನ ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಉಳಿದಿರುತ್ತದೆ. ಅದಕ್ಕೆ ಅಷ್ಟು ತೇವವೂ ಬೇಡ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಗೋಡೆ, ಕಂಬ, ಬೆಂಕಿಪೊಟ್ಟಣ ಎಲ್ಲವೂ ಬೆವರುವಾಗ ಉಪ್ಪೊಂದನ್ನೇ ದೂರಿ ಪ್ರಯೋಜನವಿಲ್ಲ.

ಬೆಂಗಳೂರಿನವರಿಗೆ ಮಳೆ ಎಂದರೆ ಬಜ್ಜಿ. ಅಲ್ಲಿ ವರ್ಷಕ್ಕೆ ಬೀಳುವುದು 1,000 ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ. ಏಳು ಪಟ್ಟು ಮಳೆಗೆ ಏಳು ಪಟ್ಟು ಬಜ್ಜಿ ತಿಂದು ಬದುಕಲಾಗುವುದಿಲ್ಲ. ಕನ್ನಡದಲ್ಲಿ ಬರೆದಿರುವ ಮಳೆಯೂ ಬಹುಪಾಲು ಜಗಲಿಯಲ್ಲಿ ಕುಳಿತವರು ಕಂಡ ಮಳೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ತಿರುವಿ ಹಾಕುವವರ ಮಳೆ ಅದರಲ್ಲಿ ಅಪರೂಪ. ನಾನೂ ಜಗಲಿಯವನೇ. ಆದರೆ ಕರೆಂಟು ಹೋಗಿ ಮೂರು ದಿನವಾಗಿತ್ತು, ಮಿಕ್ಸಿ ಮೂಲೆ ಸೇರಿತ್ತು, ಒರಳಿಗೆ ಒಂದು ಆಳು ಬೇಕಿತ್ತು. "ಪೇಪರಿಗೆ ಬರೆಯೋದು ಆಮೇಲಾಯ್ತು, ಬಾ ಮಾರಾಯ, ಅಕ್ಕಿ ರುಬ್ಬು" ಎಂದು ಅತ್ತಿಗೆ ಕರೆದರು.

ಅಕ್ಕಿ ಪತ್ರೊಡೆಗೆ. ಹಿತ್ತಿಲ ಹಳೇ ಮಾವಿನ ಕೊಂಬೆಗಳಲ್ಲಿ, ಪಾಚಿಯ ನಡುವೆ, ಮಳೆಗಾಲದಲ್ಲಷ್ಟೇ ಎದ್ದು ಬರುವ ಮರಕೆಸುವಿನ ಎಲೆ ಕೊಯ್ದು ತಂದಾಗಿತ್ತು. ನೆಲದ ಕೆಸುವಿಗಿಂತ ಇದರ ತುರಿಕೆ ಕಡಿಮೆ. ಕಡಿಮೆ ಎಂದರೆ ಇಲ್ಲ ಎಂದಲ್ಲ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಸೂಜಿಯ ಕಟ್ಟಿನಂತೆ ಇರುತ್ತವೆ; ಹಸಿಯಾಗಿ ತಿಂದರೆ ಗಂಟಲಿಗೆ ಚುಚ್ಚುವುದು ನಿಜವಾದ ಸೂಜಿಯೇ. ಅತ್ತಿಗೆ ಮೆಟ್ಟುಗತ್ತಿಯ ಮುಂದೆ ಕೂತು ಎಲೆಯ ಬೆನ್ನಿನ ದಪ್ಪ ನಾರನ್ನು ಸವರಿ ತೆಗೆದರು. ಅಕ್ಕಿ, ಕಾಯಿತುರಿ, ಒಣಮೆಣಸು, ಕೊತ್ತಂಬರಿ, ಬೆಲ್ಲ ಒರಳಿಗೆ ಬಿದ್ದವು. ಹುಣಸೆಹಣ್ಣು ಎಷ್ಟು ಎಂದು ಕೇಳಿದೆ. ಒಂದು ನಿಂಬೆಗಾತ್ರದ ಉಂಡೆ ತೋರಿಸಿದರು. ಆಮೇಲೆ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ, ಇನ್ನರ್ಧ ಉಂಡೆ ಸೇರಿಸಿದರು. ಎಲೆಯಲ್ಲಿ ಏನು ಕಂಡಿತೋ ನನಗಂತೂ ತಿಳಿಯಲಿಲ್ಲ. ಹಿಟ್ಟು ಸವರಿ, ಎಲೆಯ ಮೇಲೆ ಎಲೆ ಪೇರಿಸಿ, ಸುರುಳಿ ಸುತ್ತಿ, ಒಂದು ತಾಸು ಹಬೆಯಲ್ಲಿಟ್ಟರು. ಊಟಕ್ಕೆ ಕೂತಾಗ ಯಾರ ಗಂಟಲೂ ತಕರಾರು ಹೇಳಲಿಲ್ಲ.

ಪಕ್ಕದ ಕಡಾಯಿಯಲ್ಲಿ ಕಳಲೆ ಮೂರನೆಯ ನೀರು ಕಾಣುತ್ತಿತ್ತು. ಎಳೆ ಬಿದಿರು ಮೊಳಕೆಯಲ್ಲಿ ಸಯನೈಡ್ ಹುಟ್ಟಿಸುವ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ಸಣ್ಣಗೆ ಕೊಚ್ಚಿ, ನೀರಲ್ಲಿ ಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ, ಮೂರನೆಯ ದಿನ ಬೇಯಿಸಿದರೆ ಪಲ್ಯ. ಅವಸರ ಮಾಡಿದರೆ ವಿಷ. ಆ ನೀರನ್ನು ದನ ಬಾಯಿ ಹಾಕುವ ಕಡೆ ಚೆಲ್ಲಕೂಡದು ಎಂಬುದು ಮನೆಯ ಕಟ್ಟಳೆ. ಇದನ್ನು ಯಾರು, ಎಷ್ಟು ಸಲ ಹೊಟ್ಟೆ ಕೆಡಿಸಿಕೊಂಡು ಕಂಡುಹಿಡಿದರು ಎಂಬ ದಾಖಲೆ ಎಲ್ಲೂ ಇಲ್ಲ.

ಅದೇ ಹೊತ್ತಿಗೆ ಹೊರಗೆ ಅಣ್ಣ ಆಕಾಶ ನೋಡುತ್ತ ನಿಂತಿದ್ದ. ಅಡಿಕೆಗೆ ಮೊದಲ ಔಷಧಿ ಜೂನ್ ಆರಂಭದಲ್ಲಿ ಹೊಡೆದಾಗಿತ್ತು. ನಲವತ್ತು ದಿನಕ್ಕೆ ಎರಡನೆಯದು ಬೀಳಬೇಕು. ಅದಕ್ಕೆ ಮಳೆ ಬಿಟ್ಟ ಅರ್ಧ ದಿನದ ಹೊಳವು ಬೇಕು. ತಪ್ಪಿದರೆ ಕೊಳೆ ಬಂದು ಕಾಯಿ ಉದುರುತ್ತದೆ. ಇದರ ಚರಿತ್ರೆ ಚೆನ್ನಾಗಿ ದಾಖಲಾಗಿದೆ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟ ಸುತ್ತಿ, ಕೊಳೆರೋಗಕ್ಕೆ ಕಾರಣವಾದ ಬೂಷ್ಟನ್ನು ಗುರುತಿಸಿ, 1910ರಲ್ಲಿ ಅದರ ವರದಿ ಪ್ರಕಟಿಸಿದರು. ಅದಕ್ಕೂ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಕೋಲ್ಮನ್ ತೋರಿಸಿದ್ದು ಬೋರ್ಡೋ ದ್ರಾವಣ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬೇಲಿಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ಬರದಿದ್ದುದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲ್ಲಾರ್ಡೆ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದ. ಕಳ್ಳರಿಗೆ ಹೆದರಿ ಮಾಡಿದ ಉಪಾಯ ನಮ್ಮ ಅಡಿಕೆಯನ್ನು ಉಳಿಸಿತು.

100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ನೋಡಲು ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ನಮ್ಮಲ್ಲಿ ಆ ಚಾಕು ಅಡುಗೆಮನೆಯದು. ಹತ್ತೂವರೆಗೆ ಮೋಡ ಸ್ವಲ್ಪ ತೆಳುವಾದಂತೆ ಕಂಡು ಅಣ್ಣ ಒಳಗೆ ಬಂದು ಚಾಕುವಿಗೆ ಕೈ ಹಾಕಿದ. "ಮೊದಲು ಹೊಳವಾಗಲಿ, ಆಮೇಲೆ ಚಾಕು" ಎಂದು ಅತ್ತಿಗೆ ತಲೆ ಎತ್ತದೆಯೇ ಹೇಳಿದರು. ಐದು ನಿಮಿಷದಲ್ಲಿ ಮತ್ತೆ ಧೋ ಎಂದು ಹೊಯ್ಯತೊಡಗಿತು. ಕಲಸಿದ ದ್ರಾವಣ ಅವತ್ತೇ ಮುಗಿಯಬೇಕು, ಮರುದಿನಕ್ಕೆ ಬರುವುದಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ನಾಳೆ ಬಾ ಎಂದು ಹೇಳಿ ಕಳಿಸಿದ್ದಾಯಿತು.

ಊಟಕ್ಕೆ ಪತ್ರೊಡೆ, ಕಳಲೆ ಪಲ್ಯ, ಹಲಸಿನ ಬೀಜದ ಸಾರು, ಅಪ್ಪೆಮಿಡಿ ಉಪ್ಪಿನಕಾಯಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ಎಲೆಯ ಮುಂದೆ ಕೂತಾಗ ಹೊಳೆದದ್ದು ಇಷ್ಟು: ಎಲೆ, ಮೊಳಕೆ ಬಿಟ್ಟರೆ ಮಿಕ್ಕಿದ್ದೆಲ್ಲ ಏಪ್ರಿಲ್, ಮೇ ತಿಂಗಳ ದುಡಿಮೆ. ಬೀಜ ಕೆಮ್ಮಣ್ಣಿನ ಕೆಸರು ಬಳಿದುಕೊಂಡು ಮೂಲೆಯಲ್ಲಿ ಕಾದಿತ್ತು. ಮಿಡಿ ಉಪ್ಪಿನಲ್ಲಿ ಸುಕ್ಕುಗಟ್ಟಿ ಭರಣಿ ಸೇರಿತ್ತು. ಹಪ್ಪಳವನ್ನು ತಿರುಗಿಸಿ ನೋಡಿ. ಬೆನ್ನ ಮೇಲೆ ಚಾಪೆಯ ಗೆರೆ ಇರುತ್ತದೆ. ಬಲಿತ ಹಲಸಿನ ಸೊಳೆ ಬೇಯಿಸಿ, ಕುಟ್ಟಿ, ಉಂಡೆ ಕಟ್ಟಿ, ಒತ್ತಿ, ಅಂಗಳದ ಚಾಪೆಯಲ್ಲಿ ಹರವಿ, ಕಾಗೆ ಕಾಯಲು ಮಕ್ಕಳನ್ನು ಕೂರಿಸಿದ ದಿನಗಳ ಗುರುತು ಅದು. ಅದನ್ನು ಸುಟ್ಟ ಕೆಂಡವೂ ಬೇಸಿಗೆಯಲ್ಲಿ ಒಣಗಿಸಿ ಸೌದೆಮನೆಗೆ ಪೇರಿಸಿದ ಕಟ್ಟಿಗೆಯದೇ. ಮಳೆಗಾಲದ ಮನೆ ನಡೆಯುವುದು ಕೂಡಿಟ್ಟ ಬಿಸಿಲಿನಲ್ಲಿ. ಇದನ್ನು ನೆನೆದು ಹಾಡಿ ಹೊಗಳುವ ಇರಾದೆ ನನಗಿಲ್ಲ. ಒಲೆಯ ಹೊಗೆಗೆ ಕಣ್ಣು ಉರಿಯುತ್ತದೆ, ಒರಳಿಗೆ ರಟ್ಟೆ ಹಿಡಿಯುತ್ತದೆ. ಮಿಕ್ಸಿ ಬಂದದ್ದು ಒಳ್ಳೆಯದೇ ಆಯಿತು.

ಊಟದ ನಂತರ ಅಣ್ಣನ ಲೆಕ್ಕದ ಪುಸ್ತಕ ತೆರೆದು ನೋಡಿದೆ. ಮೈಲುತುತ್ತ, ಸುಣ್ಣ, ರಾಳ, ಕೊನೆಗೌಡನ ಕೂಲಿ ಎಲ್ಲವೂ ತಾರೀಖಿನ ಸಮೇತ ಇತ್ತು. ಹಪ್ಪಳ ಎಲ್ಲಿ ಎಂದೆ. "ಮನೆಖರ್ಚಿಗೆ ಲೆಕ್ಕ ಎಂತಕ್ಕೆ?" ಎಂದ. ಅಡಿಕೆಯ ರೋಗಕ್ಕೆ ಸರ್ಕಾರ ವಿಜ್ಞಾನಿಯನ್ನು ನೇಮಿಸಿ ವರದಿ ಅಚ್ಚು ಹಾಕಿಸಿತು. ಕಳಲೆಯ ಮೂರು ನೀರು ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲೇ ಸಾಗಿತು. ಎರಡೂ ವಿಷ, ತೇವಗಳ ಜೊತೆ ಗುದ್ದಾಡಿದ ವಿದ್ಯೆಯೇ. ಆದರೂ ಒಂದಕ್ಕೆ ಮಾತ್ರ ನಾವು ವಿಜ್ಞಾನ ಎನ್ನುತ್ತೇವೆ. ಈ ಭೇದ ನನಗೆ ಸರಿಕಾಣುವುದಿಲ್ಲ.

ಅಸಲಿಗೆ ಲೆಕ್ಕ ಇಲ್ಲದಿಲ್ಲ. ಸಂಜೆ ದೀಪದ ಬೆಳಕಿನಲ್ಲಿ ಅತ್ತಿಗೆ ಹಪ್ಪಳದ ಡಬ್ಬ ಇಳಿಸಿ ಒಂದೊಂದಾಗಿ ಎಣಿಸಿದರು. ಇಪ್ಪತ್ತೈದನ್ನು ಚೌತಿಗೆಂದು ಬೇರೆ ಕಟ್ಟಿಟ್ಟರು. ಉಳಿದದ್ದು ಅರವತ್ತೆರಡು. ಮಳೆಗಾಲ ಮುಗಿಯಲು ಇನ್ನೂ ಎರಡೂವರೆ ತಿಂಗಳಿದೆ.